ಹಿತ್ತಲಿನ ತೊಟ್ಟಿಗೆ ಪರವಾನಗಿ

ಗುರುಶಿದ್ದಪ್ಪನವರು ಸುಳ್ಳು ಹೇಳುವ ಮನುಷ್ಯರಲ್ಲ. ಆದರೆ ಬೀಗರ ಮುಂದೆ ಆಡಿದ ಮಾತನ್ನು ಸುಳ್ಳೆಂದು ಲೆಕ್ಕಕ್ಕೆ ಹಿಡಿಯುವ ಪದ್ಧತಿ ನಮ್ಮ ಕಡೆ ಇಲ್ಲ. ಹಾಗಾಗಿ ಅವತ್ತು ಧಾರವಾಡದ ದವಾಖಾನೆಯಲ್ಲಿ ಅವರು ಅಂದದ್ದನ್ನು ಆ ಲೆಕ್ಕದಿಂದ ಬಿಟ್ಟುಬಿಡೋಣ.

ಅವರ ಹೆಂಡತಿ ಭುವನೇಶ್ವರಿಯವರಿಗೆ ಮೊಣಕಾಲು ನೋವು. ಸ್ವಂತ ಮನೆಯ ಮಾಳಿಗೆ ಹತ್ತಿ ಸಂಡಿಗೆ ಒಣಹಾಕಿ ಎರಡು ಬೇಸಿಗೆ ಕಳೆದಿದ್ದವು. ಎಣ್ಣೆ ಹಚ್ಚಿದರು, ಎಕ್ಕದ ಎಲೆ ಕಟ್ಟಿದರು, ಪಟ್ಟಿ ಬಿಗಿದರು, ಯಾವುದಕ್ಕೂ ನೋವು ಜಗ್ಗಲಿಲ್ಲ. ಕೊನೆಗೆ ಮಗನ ಮಾವ ಶಶಿಕಾಂತ ತಮ್ಮ ಕಾರಿನಲ್ಲಿ ಇಬ್ಬರನ್ನೂ ಕರೆದುಕೊಂಡು ಹೋಗಿ ಡಾಕ್ಟರ್ ಗಾರ್ಗಿಯವರ ಮುಂದೆ ಕೂಡಿಸಿದರು. ಶಶಿಕಾಂತ ಧಾರವಾಡದವರು. ಅವರ ಬಂಗಲೆಯ ಮುಂದೆ ಒಂದು ಕಾರಂಜಿ ಇದೆ. ಅದು ನಡೆಯುತ್ತದೋ ಇಲ್ಲವೋ, ಅದರ ಮಾತು ಮಾತ್ರ ದಿನಾ ನಡೆಯುತ್ತದೆ.

"ಅಮ್ಮಾರ, ಮೊಣಕಾಲು ಸವದಾವ್ರಿ," ಎಂದರು ಡಾಕ್ಟರು. "ಎದಿಮಟ್ಟ ನೀರಾಗ ದಿನಾ ಅರ್ಧ ತಾಸು ನಡೀರಿ. ನಿಮ್ಮ ಭಾರ ನೀರು ಹೊರತದ. ದೀಪಾವಳಿ ತನಕ ನೋಡೂಣು. ಕಮ್ಮಿ ಆಗಲಿಲ್ಲಂದ್ರ ಆಪರೇಷನ್ ಮಾಡಬೇಕಾಗ್ತದ."

ಆಪರೇಷನ್ ಎಂಬ ಮಾತು ಕೇಳಿದ್ದೇ ಭುವನೇಶ್ವರಿಯವರ ಮುಖ ಇಳಿಯಿತು. ಅವರ ಅಕ್ಕ ಅದನ್ನು ಮಾಡಿಸಿಕೊಂಡ ಮೇಲೆ ಮಂಚದಿಂದ ಬಾಗಿಲಿನ ತನಕ ಬಂದರೆ ಮನೆಮಂದಿ ಚಪ್ಪಾಳೆ ತಟ್ಟುವಂತಾಗಿತ್ತು.

ಹುಬ್ಬಳ್ಳಿಯಲ್ಲೇ ಈಜುಕೊಳವಿದೆ, ಬೆಳಿಗ್ಗೆ ಹೆಂಗಸರಿಗೇ ಬೇರೆ ಹೊತ್ತು ಇಟ್ಟಿದ್ದಾರೆ ಎಂದು ಶಶಿಕಾಂತ ಹೇಳಿದರು.

"ಅಲ್ಲಿ ಸೀರಿ ಬಿಟ್ಟು ಚೊಣ್ಣ ಹಾಕ್ಕೊಂಡು ಇಳೀಬೇಕಂತರಿ. ನಾ ಒಲ್ಲೆ," ಎಂದರು ಭುವನೇಶ್ವರಿ.

"ಮತ್ತೇನ್ ಮಾಡ್ತೀರಿ ಬೀಗರ?" ಶಶಿಕಾಂತ ನಕ್ಕರು. "ನಿಮ್ಮ ಹುಬ್ಬಳ್ಳ್ಯಾಗ ನಳಾ ಬರೂದ ವಾರಕ್ಕೊಮ್ಮೆ. ಎದಿಮಟ್ಟ ನೀರು ಎಲ್ಲಿಂದ ತರತೀರಿ? ನಿಮ್ಮ ಅಂಗಡ್ಯಾಗಿನ ಕೊಡದಾಗ ನಿಲ್ಲಸ್ತೀರೇನು?"

ಗುರುಶಿದ್ದಪ್ಪನವರಿಗೆ ಪಾತ್ರೆ ಭಾಂಡೆಗಳ ಅಂಗಡಿ ಇದೆ. ಅಂಗಡಿಯ ಸುದ್ದಿಗೆ ಬಂದರೆ ಅವರು ಸುಮ್ಮನಿರುವವರಲ್ಲ.

"ಹಿತ್ತಲದಾಗ ಸ್ವಿಮ್ಮಿಂಗ್ ಪೂಲ್ ಮಾಡಸಾಕತ್ತೇನಿ," ಎಂದುಬಿಟ್ಟರು.

ಈ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಬೆರಗಾದವರು ಸ್ವತಃ ಗುರುಶಿದ್ದಪ್ಪನವರೇ. ಮನೆಗೆ ಬಂದ ಮೇಲೆ ಹೆಂಡತಿ ಮೆಲ್ಲಗೆ "ಖರೇನ ಮಾಡಸ್ತೀರೇನ್ರಿ?" ಎಂದು ಕೇಳಿದಾಗ, ಆ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದಿಷ್ಟು ಕಳೆ ಕಂಡಿತು. "ಹೂಂ" ಎನ್ನದೆ ಬೇರೆ ದಾರಿ ಇರಲಿಲ್ಲ. ಹಿತ್ತಲಲ್ಲಿ ಜಾಗವಿತ್ತು, ಸವಳು ನೀರಿನದಾದರೂ ಒಂದು ಬೋರ್ ಇತ್ತು. ಬೇಕಾದದ್ದು ಪರವಾನಗಿ ಒಂದೇ.

ಪರವಾನಗಿ ಕೊಡುವ ಕಚೇರಿಯಲ್ಲಿ ಈ ವಿಷಯ ನೋಡಿಕೊಳ್ಳುವವರು ಖಾದರಬಾಷಾ. ಒಳ್ಳೆಯ ಮನುಷ್ಯರು, ಆಗುವುದಿಲ್ಲ ಎಂದು ಹೇಳುವುದಿದ್ದರೂ ಮೊದಲು ಚಹಾ ತರಿಸುವವರು. ಗುರುಶಿದ್ದಪ್ಪನವರು ಕುರ್ಚಿಯಲ್ಲಿ ಕೂತೊಡನೆ ಚಹಾ ಬಂತು.

"ಮನಿಗೆ ಈಜುಕೊಳ," ಎಂದು ಖಾದರಬಾಷಾ ಅರ್ಜಿಯನ್ನು ಎರಡು ಸಲ ಓದಿದರು. "ಹೊಟೇಲ್ ಅಲ್ಲ?"

"ಅಲ್ರಿ."

"ಕ್ಲಬ್?"

"ಅಲ್ರಿ."

"ಸಾಲಿ?"

"ಮನಿ ಅಂದ್ನೆಲ್ರಿ. ನಾನು, ನನ್ನ ಹೆಂಡತಿ, ಇಬ್ಬರ."

"ತೊಂದ್ರಿ ಅದ ನೋಡ್ರಿ. ಮನಿಗೆ ನಮ್ಮಲ್ಲಿ ಕಾಲಮ್ ಇಲ್ಲ. ಹೊಟೇಲಿನ ಕಾಲಮ್ಮಿನ್ಯಾಗ ಹಾಕಿದ್ರ, ಹೊಟೇಲಿಗೆ ಏನೇನ ಬೇಕೋ ಎಲ್ಲಾ ಬೇಕು." ಅವರು ಬೆರಳು ಮಡಚತೊಡಗಿದರು. "ಎಂಜಿನಿಯರ್ ನಕಾಶಿ. ಹೊಲಸು ನೀರು ಎಲ್ಲಿಗೆ ಹೋಗತೈತಿ ಅನ್ನೂದು. ಆಜೂಬಾಜೂದವರ ಒಪ್ಪಿಗಿ. ಮುಳುಗಿದವರನ್ನ ಎತ್ತಾಕ ಒಬ್ಬ ಮನುಷ್ಯಾ, ಅವನ ಸರ್ಟಿಫಿಕೇಟ್."

"ಎದಿಮಟ್ಟ ನೀರಾಗ ಯಾರ್ ಮುಳುಗ್ತಾರ್ರಿ?"

"ಯಾರ ಎದಿ ಅಂತ ನಿಯಮದಾಗ ಬರದಿಲ್ರಿ. ಮತ್ತ, ಗಂಡಸರಿಗೆ ಬ್ಯಾರೆ, ಹೆಂಗಸರಿಗೆ ಬ್ಯಾರೆ, ಬಟ್ಟಿ ಬದಲಸೂ ಖೋಲಿ."

"ನಾವು ಗಂಡ-ಹೆಂಡತಿ ರೀ. ಲಗ್ನ ಆದಾಗಿಂದ ಒಂದ ಖೋಲ್ಯಾಗ ಬದಲಸಾಕತ್ತೇವಿ."

ಖಾದರಬಾಷಾ ಸಂಕೋಚದಿಂದ ಚಹಾದ ಕಪ್ಪಿನ ಕಡೆ ನೋಡಿದರು. "ಅದನ್ನ ಫೈಲಿನ್ಯಾಗ ಬರಿಯಾಕ ಬರೂದಿಲ್ರಿ," ಎಂದರು. ಆಮೇಲೆ ಏನೋ ಹೊಳೆದವರಂತೆ ಕೇಳಿದರು: "ಅಮ್ಮಾರಿಗೆ ಈಜಾಕ ಬರತೈತೇನ್ರಿ?"

"ಇಲ್ರಿ. ಆಕಿ ನೀರಾಗ ಬರೇ ನಡಿಯಾಕಿ."

"ನಿಮಗ?"

"ನಾ ಬಾವಿ ಕಂಡ್ರ ದೂರಿಂದ ಕೈ ಮುಗಿಯಾಂವ."

"ಅಂದ್ರ ಈಜವರು ಯಾರೂ ಇಲ್ಲ." ಖಾದರಬಾಷಾ ಪೆನ್ನು ಕೆಳಗಿಟ್ಟರು. "ಈಜವರ ಇಲ್ಲಂದ ಮ್ಯಾಲೆ ಅದು ಈಜುಕೊಳ ಹೆಂಗಾತ್ರಿ? ನೀವು ನೀರು ತುಂಬಿ ಇಡಾವರು. ನೀರು ತುಂಬಿ ಇಡೂದಕ್ಕ ತೊಟ್ಟಿ ಅಂತಾರ. ತೊಟ್ಟಿಗೆ ಕಾಲಮ್ ಐತಿ."

ಇಷ್ಟು ಸರಳ ವಿಷಯ ತಮಗೆ ಹೊಳೆಯಲಿಲ್ಲವಲ್ಲ ಎಂದು ಗುರುಶಿದ್ದಪ್ಪನವರಿಗೆ ನಾಚಿಕೆಯಾಯಿತು. ಎರಡನೆಯ ಕಪ್ ಚಹಾ ಅವರೇ ತರಿಸಿದರು.

"ಒಂದ ಮಾತ್ರಿ," ಎಂದರು ಖಾದರಬಾಷಾ, ಬೀಳ್ಕೊಡುವಾಗ. "ಇನ್ ಮ್ಯಾಲೆ ಓಣ್ಯಾಗ ಯಾರ ಮುಂದೂ ಈಜುಕೊಳ ಅನಬ್ಯಾಡ್ರಿ. ಯಾರರ ತಕರಾರು ಅರ್ಜಿ ಕೊಟ್ರಂದ್ರ ಫೈಲು ಹೊಟೇಲ್ ಸೆಕ್ಷನ್ನಿಗೆ ಹೋಗತೈತಿ. ಅಲ್ಲಿಂದ ತಿರುಗಿ ಬಂದ ಫೈಲು ನಾ ಅಂತೂ ನೋಡಿಲ್ಲ."

ಪರವಾನಗಿ ಬಂತು. ಅದರ ಜೊತೆಗೆ ಒಂದು ಷರತ್ತೂ ಬಂತು: ಕಾಮಗಾರಿಯ ವಿವರವುಳ್ಳ ಫಲಕವನ್ನು ಗೇಟಿಗೆ ತೂಗುಹಾಕಬೇಕು. ಗುರುಶಿದ್ದಪ್ಪನವರು ನಿಯಮ ಪಾಲಿಸುವವರು. ದೊಡ್ಡ ಅಕ್ಷರದಲ್ಲಿ ಬರೆಸಿ ತೂಗುಹಾಕಿದರು: ನೀರು ಸಂಗ್ರಹಣಾ ತೊಟ್ಟಿ, ಸಾಮರ್ಥ್ಯ ಇಪ್ಪತ್ತು ಸಾವಿರ ಲೀಟರ್.

ವಾರಕ್ಕೊಮ್ಮೆ ನಳ ಬರುವ ಕಾಲನಿಯಲ್ಲಿ ಇಂಥ ಫಲಕ ಹಾಕಿದರೆ ಏನಾಗುತ್ತದೆಂದು ನಮಗೆ ನಿಮಗೆ ಗೊತ್ತು. ಗುರುಶಿದ್ದಪ್ಪನವರಿಗೆ ಮರುದಿನ ಬೆಳಿಗ್ಗೆ ಗೊತ್ತಾಯಿತು. ಬಾಗಿಲಲ್ಲಿ ಯಜ್ಞೇಶ್ವರ ಮಾಸ್ತರು ಕೈ ಮುಗಿದು ನಿಂತಿದ್ದರು. ಇವರು ನಿವೃತ್ತ ಹೆಡ್ ಮಾಸ್ತರರು, ಕಾಲನಿಯ ಸಂಘದ ಅಧ್ಯಕ್ಷರು, ದಾರಿಯಲ್ಲಿ ಕಂಡ ಯಾವ ಫಲಕವನ್ನೂ ಓದದೆ ಬಿಟ್ಟವರಲ್ಲ.

"ಗುರುಶಿದ್ದಪ್ಪನವರ, ನಿಮ್ಮನ್ನ ನಾವು ಬರೇ ಭಾಂಡೆ ಮಾರವರು ಅಂತ ತಿಳಕೊಂಡಿದ್ವಿ. ತಪ್ಪಾತು."

"ಏನಾತ್ರಿ ಮಾಸ್ತರ?"

"ಇಬ್ಬರ ಇರೂ ಮನಿಗೆ ಇಪ್ಪತ್ತು ಸಾವಿರ ಲೀಟರ್ ಯಾಕ ಬೇಕು ಅಂತ ವಿಚಾರ ಮಾಡಿದೆ. ನೀವು ಕುಡದ್ರ ಎಷ್ಟು ಕುಡೀತೀರಿ, ಜಳಕ ಮಾಡಿದ್ರ ಎಷ್ಟು ಮಾಡ್ತೀರಿ? ಕಡೀಕ ತಿಳೀತು. ಇದು ನಮ್ಮ ಸಲುವಾಗಿ. ಇಡೀ ಕಾಲನಿ ಸಲುವಾಗಿ."

ಗುರುಶಿದ್ದಪ್ಪನವರು ಇದ್ದದ್ದನ್ನು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೊಟೇಲ್ ಸೆಕ್ಷನ್ ನೆನಪಾಗಿ ಬಾಯಿ ಮುಚ್ಚಿದರು. ಮಾಸ್ತರರ ಕಣ್ಣಲ್ಲಿ ನೀರು ಬಂತು.

"ನೋಡ್ರಿ, ಮಾಡಿದ್ದನ್ನ ಹೇಳಿಕೊಳ್ಳೂದೂ ಇಲ್ಲ," ಎಂದು ಅವರು ಬೀದಿಯ ಕಡೆ ತಿರುಗಿ, ಅಲ್ಲಿ ಯಾರೂ ಇಲ್ಲದಿದ್ದರೂ ಹೇಳಿದರು.

ಮಧ್ಯಾಹ್ನದೊಳಗೆ ಸುದ್ದಿ ಕಾಲನಿ ತುಂಬಾ ಹಬ್ಬಿತು. ಪಕ್ಕದ ಮನೆಯ ಹನುಮವ್ವ ಎರಡು ಎಮ್ಮೆ ಕಟ್ಟಿ ಹಾಲು ಮಾರುವವರು. ಅವತ್ತಿನ ಹಾಲು ಎಷ್ಟು ಗಟ್ಟಿ ಇತ್ತೆಂದರೆ ಭುವನೇಶ್ವರಿಯವರು ಪಾತ್ರೆಯನ್ನು ಎರಡೆರಡು ಸಲ ನೋಡಿದರು.

"ಅಣ್ಣಾರ, ನನ್ನ ಎಮ್ಮಿ ಮೈ ತೊಳಿಯಾಕೂ ಆ ನೀರು ಸಿಗತೈತಲ್ರಿ?" ಎಂದು ಹನುಮವ್ವ ಕೇಳಿದರು.

"ಸಿಗತೈತೇಳ್ರಿ," ಎಂದರು ಗುರುಶಿದ್ದಪ್ಪ.

ಮುಂದಿನದು ತನ್ನ ಪಾಡಿಗೆ ತಾನು ನಡೆಯಿತು. ಜನ ದಾರಿಯಲ್ಲಿ ಗಾಡಿ ನಿಲ್ಲಿಸಿ ನಮಸ್ಕಾರ ಮಾಡತೊಡಗಿದರು. ತೊಟ್ಟಿಗೆ ನೀರು ಬರುವ ದಿನಕ್ಕೆಂದು ಹೊಸ ಕೊಡ ಕೊಳ್ಳಲು ಮನೆಮನೆಯಿಂದ ಇವರ ಅಂಗಡಿಗೇ ಬಂದರು. ಕೇಳಿದವರಿಗೆ ಇಲ್ಲ ಎನ್ನುವುದು ವ್ಯಾಪಾರಸ್ಥನ ಧರ್ಮವಲ್ಲ. ಗುರುಶಿದ್ದಪ್ಪನವರು ಕೊಡ ಮಾರಿದರು, ಮೇಲೆ ಒಂದೊಂದು ತಂಬಿಗೆ ಕಾಣಿಕೆಯನ್ನೂ ಕೊಟ್ಟರು. ಸಂಘದವರು ಶಾಲು ಹೊದಿಸಿ ಸತ್ಕಾರ ಮಾಡಿದರು. ಶಾಲು ಹೊದ್ದು ಕೂತಾಗ ಗುರುಶಿದ್ದಪ್ಪನವರಿಗೆ ಒಳಗೊಳಗೇ ಹಿತವಾಯಿತು ಎಂಬುದನ್ನು ಮುಚ್ಚಿಡುವಂತಿಲ್ಲ.

ಅದೇ ಸಭೆಯಲ್ಲಿ ಯಜ್ಞೇಶ್ವರ ಮಾಸ್ತರು ಎದ್ದು, ತೆರೆದ ತೊಟ್ಟಿಯಲ್ಲಿ ಧೂಳು ಬೀಳುತ್ತದೆ, ಎಲೆ ಬೀಳುತ್ತದೆ, ಬೆಕ್ಕು ಬೀಳುತ್ತದೆ, ಆದ್ದರಿಂದ ಮೇಲೆ ಸ್ಲ್ಯಾಬ್ ಹಾಕಬೇಕು, ಅದರ ಖರ್ಚು ಸಂಘದ್ದು ಎಂದು ಠರಾವು ಮಂಡಿಸಿದರು. ಕಚೇರಿಯಿಂದಲೂ ಅದೇ ಮಾತು ಬಂದಿದೆಯಂತೆ: ಮುಚ್ಚಳವಿಲ್ಲದ ತೊಟ್ಟಿಯಲ್ಲಿ ಸೊಳ್ಳೆ ಹುಟ್ಟುತ್ತವೆ, ಸ್ಲ್ಯಾಬ್ ಇಲ್ಲದಿದ್ದರೆ ಪರವಾನಗಿ ರದ್ದು. ಠರಾವನ್ನು ಅನುಮೋದಿಸುವವರು ಯಾರು ಎಂದು ಕೇಳಿದಾಗ ಎಲ್ಲರೂ ಗುರುಶಿದ್ದಪ್ಪನವರ ಕಡೆ ನೋಡಿದರು. ಅವರು ಕೈ ಎತ್ತಿದರು.

ಇತ್ತ ಧಾರವಾಡದಿಂದ ದಿನ ಬಿಟ್ಟು ದಿನ ಫೋನು.

"ಬೀಗರ, ಪೂಲ್ ಎಲ್ಲಿಗೆ ಬಂತ್ರಿ?"

"ನೀಲಿ ಟೈಲ್ಸ್ ಹಚ್ಚಾಕತ್ತಾರಿ."

"ಮೊದಲ ಹಾರಾಂವ ನಾನ ಮತ್ತ. ಇಡೀ ಧಾರವಾಡಕ್ಕ ಹೇಳಿಟ್ಟೇನಿ."

ಹೀಗೆ ಬೀಗರ ಮುಂದೆ ಪೂಲು, ಕಾಲನಿಯ ಮುಂದೆ ತೊಟ್ಟಿ. ಒಂದೇ ಕುಣಿ ಎರಡೂ ಹೆಸರಿಗೆ ಓಗೊಡುತ್ತ ನೀಲಿ ಟೈಲ್ಸ್ ಹಚ್ಚಿಕೊಂಡು ತಯಾರಾಯಿತು. ಇಳಿಯಲು ಮೆಟ್ಟಿಲು, ಹಿಡಿಯಲು ಸ್ಟೀಲಿನ ಸರಳು. ತೊಟ್ಟಿಗೆ ಮೆಟ್ಟಿಲು ಯಾಕೆ ಎಂದು ಮಾಸ್ತರು ಕೇಳಿದಾಗ ತೊಳೆಯುವವರಿಗೆ ಅನುಕೂಲ ಎಂದು ಹೇಳಿಯಾಗಿತ್ತು.

ಇದೆಲ್ಲದರಲ್ಲಿ ಒಬ್ಬರಿಗೆ ಮಾತ್ರ ಇದು ಪೂಲೂ ಅಲ್ಲ, ತೊಟ್ಟಿಯೂ ಅಲ್ಲ. ಭುವನೇಶ್ವರಿಯವರು ಸಂಜೆಯಾದರೆ ಗೋಡೆ ಹಿಡಿದು ಹಿತ್ತಲಿಗೆ ಬಂದು, ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು ಆ ಖಾಲಿ ಕುಣಿಯನ್ನು ನೋಡುತ್ತಿದ್ದರು. ನೀರು ಬಿಡುವ ಹಿಂದಿನ ಸಂಜೆ ಗಂಡ ಬಂದು ಪಕ್ಕದಲ್ಲಿ ನಿಂತರು.

"ನಾಳಿಗೆ ಉಡಾಕ ಹಳೇ ಇಳಕಲ್ ಸೀರಿ ತಗದಿಟ್ಟೇನ್ರಿ," ಎಂದರು ಭುವನೇಶ್ವರಿ. "ನೀರಾಗ ಹಗೂರ ಇರತೈತಿ."

"ಅದು... ಮ್ಯಾಲೆ ಸ್ಲ್ಯಾಬ್ ಹಾಕಬೇಕಂತ."

"ಯಾತರ ಮ್ಯಾಲೆ?"

"ನೀರಿನ ಮ್ಯಾಲೆ."

"ಮತ್ತ ನಾ ಎಲ್ಲಿ ನಡೀಲಿ? ಸ್ಲ್ಯಾಬಿನ ಮ್ಯಾಲೆ?"

ಗುರುಶಿದ್ದಪ್ಪನವರು ಶಾಲಿನ ವಿಷಯ, ಕೊಡಗಳ ವಿಷಯ, ಹನುಮವ್ವನ ಎಮ್ಮೆಗಳ ವಿಷಯ, ಹೊಟೇಲ್ ಸೆಕ್ಷನ್ನಿನ ವಿಷಯ ಒಂದೊಂದಾಗಿ ಹೇಳಿದರು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಭುವನೇಶ್ವರಿಯವರು ಪೂರಾ ಕೇಳಿದರು.

"ದೀಪಾವಳಿ ಹತ್ರ ಬಂತ್ರಿ. ನನಗ ಆಪರೇಷನ್ ಅಂದ್ರ ಅಂಜಿಕಿ. ಅಕ್ಕನ್ನ ನೋಡೇನಿ," ಎಂದರು. "ನೀವು ಊರ ಮಂದಿಗೆಲ್ಲಾ ಹೂಂ ಅಂದ್ರಿ. ಎಲ್ಲಾರಕಿಂತ ಮೊದಲ ನನಗ ಹೂಂ ಅಂದಿದ್ರಿ."

ಗುರುಶಿದ್ದಪ್ಪನವರು ಕುರ್ಚಿ ಎತ್ತಿಕೊಂಡು ಹೆಂಡತಿಯ ಹಿಂದೆ ಒಳಗೆ ಹೋದರು.

ಮರುದಿನ ನಸುಕಿನಲ್ಲೇ ಬೋರ್ ಚಾಲೂ ಆಯಿತು. ಬಿಸಿಲು ಏರುವ ಹೊತ್ತಿಗೆ ನೀರು ಎದೆಮಟ್ಟ ಬಂದಿತ್ತು. ಗೇಟಿನ ಹೊರಗೆ ಸ್ಲ್ಯಾಬಿನ ಸರಳು, ಸಿಮೆಂಟು ಇಳಿದಿದ್ದವು. ಸ್ಲ್ಯಾಬ್ ಹಾಕುವ ಗೌಂಡಿ ಅದರ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ. ಹಿತ್ತಲ ತುಂಬಾ ಜನ, ಜನರಿಗಿಂತ ಹೆಚ್ಚು ಕೊಡ. ಎಲ್ಲವೂ ಇವರ ಅಂಗಡಿಯವೇ, ಫಳಫಳ ಹೊಳೆಯುತ್ತಿದ್ದವು. ಹೆಂಗಸರು ಗಂಗವ್ವನ ಪೂಜೆ ಮಾಡಿ ಭುವನೇಶ್ವರಿಯವರಿಗೆ ಉಡಿ ತುಂಬಿದರು. ಉಡಿ ತುಂಬಿಸಿಕೊಂಡು ಅವರು ಒಳಗೆ ಹೋದರು. ಇನ್ನು ವಾರ್ಡಿನ ಮೆಂಬರ್ ಬಂದು ಮೊದಲ ಕೊಡ ತುಂಬಿಸುವುದೊಂದು ಬಾಕಿ.

ಮೆಂಬರರ ಬದಲು ಬಂದವರು ಶಶಿಕಾಂತ. ಕಾರಿನಿಂದ ಇಳಿದವರೇ ಬಚ್ಚಲುಮನೆ ಎಲ್ಲಿ ಎಂದು ಕೇಳಿ, ಒಳಗೆ ಹೋಗಿ, ಹೂವಿನ ಚೊಣ್ಣ ಹಾಕಿಕೊಂಡು, ಹೆಗಲಿಗೆ ಟವೆಲ್, ಕಣ್ಣಿಗೆ ಈಜುವವರ ಕನ್ನಡಕ ಏರಿಸಿಕೊಂಡು ಹಿತ್ತಲ ಬಾಗಿಲಿಗೆ ಬಂದು ನಿಂತರು. ನಲವತ್ತು ಮಂದಿ ಹೆಂಗಸರು ಕೊಡ ಹಿಡಿದು ಅವರನ್ನು ನೋಡಿದರು. ಶಶಿಕಾಂತ ಮೆಲ್ಲಗೆ ಟವೆಲನ್ನು ಸೊಂಟಕ್ಕೆ ಇಳಿಸಿಕೊಂಡರು.

"ಇವರು ಯಾರ್ರಿ?" ಎಂದು ಮಾಸ್ತರು ಗುರುಶಿದ್ದಪ್ಪನವರ ಕಿವಿಯಲ್ಲಿ ಕೇಳಿದರು.

"ಧಾರವಾಡದವರು. ಆಳ ನೋಡಾಕ ಬಂದಾರ."

"ತಜ್ಞರೇನು?" ಮಾಸ್ತರು ಮೆಂಬರರಿಗೆಂದು ತರಿಸಿದ್ದ ಎರಡು ಹಾರಗಳಲ್ಲಿ ಒಂದನ್ನು ಶಶಿಕಾಂತರ ಕೊರಳಿಗೆ ಹಾಕಿದರು. ಶಶಿಕಾಂತರಿಗೆ ಹಾರ ಯಾಕೆಂದು ತಿಳಿಯಲಿಲ್ಲ, ಆದರೂ ಹಾಕಿಸಿಕೊಂಡರು.

ಆ ಹೊತ್ತಿಗೆ ಖಾದರಬಾಷಾ ಫೈಲು ಹಿಡಿದು ಬಂದರು. "ಸ್ಲ್ಯಾಬ್ ಇವತ್ತ ಶುರು ಆಗತೈತಲ್ರಿ? ಅಳತಿ ತಗೊಂಡು ಹೊಂಟಬಿಡತೇನಿ," ಎಂದರು. ಗೌಂಡಿಯೂ ಎದ್ದು ಬಂದ. ಎಲ್ಲರೂ ಗುರುಶಿದ್ದಪ್ಪನವರ ಕಡೆ ನೋಡಿದರು. ಅವರು ತಲೆ ಅಲ್ಲಾಡಿಸಿದರು. ಅದು ಹೌದೋ ಅಲ್ಲವೋ ಅವರಿಗೂ ಗೊತ್ತಿರಲಿಲ್ಲ.

ಆಗ ಹಿತ್ತಲ ಬಾಗಿಲಿನಿಂದ ಭುವನೇಶ್ವರಿ ಬಂದರು. ಹಳೆಯ ಇಳಕಲ್ ಸೀರೆ, ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದ್ದರು. ಗೋಡೆ ಹಿಡಿದು ಬಂದು, ಗೋಡೆ ಮುಗಿದಲ್ಲಿ ಸ್ಟೀಲಿನ ಸರಳು ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ನೀರಿನಲ್ಲಿ ನಿಂತರು.

ಶಶಿಕಾಂತ ಕನ್ನಡಕ ತೆಗೆದರು.

"ಅಯ್ಯ, ಕಾಲಿಟ್ಟಬಿಟ್ಲಲ್ಲ," ಎಂದರು ಹನುಮವ್ವ.

ಮನುಷ್ಯರು ಕಾಲಿಟ್ಟ ನೀರನ್ನು ಕೊಡಕ್ಕೆ ತುಂಬಿಕೊಳ್ಳುವುದು ಯಾವ ಮನೆಯಲ್ಲೂ ಇಲ್ಲ. ಹೊಸ ಕೊಡಗಳು ಒಂದೊಂದಾಗಿ ನೆಲಕ್ಕೆ ಇಳಿದವು. ಯಜ್ಞೇಶ್ವರ ಮಾಸ್ತರು ಉಳಿದಿದ್ದ ಹಾರವನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದೆ ಬಂದರು.

"ಗುರುಶಿದ್ದಪ್ಪನವರ, ಇದೇನ್ರಿ ಇದು?"

ಗುರುಶಿದ್ದಪ್ಪನವರು ಹೆಂಡತಿಯ ಕಡೆ ನೋಡಿದರು. ಭುವನೇಶ್ವರಿಯವರು ಅವರ ಕಡೆ ನೋಡಲಿಲ್ಲ, ನೀರಲ್ಲಿ ಮೊದಲ ಹೆಜ್ಜೆ ಇಡುವುದು ಹೇಗೆಂದು ನೋಡುತ್ತಿದ್ದರು.

"ಮಾಸ್ತರ, ಇದು ಆಕಿದು," ಎಂದರು ಗುರುಶಿದ್ದಪ್ಪ. "ಮೊದಲಿಂದ್ಲೂ ಆಕಿದ. ಮೊಣಕಾಲು ಸವದಾವು, ನೀರಾಗ ನಡೀಬೇಕು ಅಂತ ಡಾಕ್ಟರು ಹೇಳ್ಯಾರ. ಹೇಳಾಕ ಅಂಜಿದೆ. ನೀವು ಶಾಲು ಹೊಚ್ಚಿದ್ರಿ, ಮತ್ತಿಷ್ಟು ಅಂಜಿದೆ."

"ನಮ್ಮ ನೀರು?"

"ನೀರು ಬೋರಿಂದ್ರಿ. ಕಂಪೌಂಡ ಹೊರಗ ನಳಾ ಹಚ್ಚಸ್ತೇನಿ, ಎಲ್ಲಾರೂ ಒಯ್ರಿ, ಎಮ್ಮಿನೂ ತೊಳೀರಿ. ತೊಟ್ಟಿ ಮಾತ್ರ ಆಕಿದು."

ಹೇಳಿ ಮುಗಿಸಿದವರೇ ಅಂಚಿನಲ್ಲಿ ಮೊಣಕಾಲೂರಿ ಹೆಂಡತಿಯ ಕೈ ಹಿಡಿದರು. ಭುವನೇಶ್ವರಿ ನಡೆದಂತೆ ಅವರೂ ಅಂಚಿನ ಮೇಲೆ ಅಂಬೆಗಾಲಿಟ್ಟು ಸರಿದರು. ನಾಲ್ಕು ಹೆಜ್ಜೆಯಾದ ಮೇಲೆ ಭುವನೇಶ್ವರಿ ನಿಂತರು.

"ಕೈ ಬಿಡ್ರಿ," ಎಂದರು.

ಬಿಟ್ಟರು. ಭುವನೇಶ್ವರಿ ಏನನ್ನೂ ಹಿಡಿಯದೆ ನೀರಿನ ನಡುವೆ ನಡೆದು ಆಚೆಯ ಗೋಡೆ ಮುಟ್ಟಿದರು, ತಿರುಗಿದರು, ಮತ್ತೆ ನಡೆದು ಬಂದರು.

"ನೋಯಾಕತ್ತಿಲ್ರಿ," ಎಂದರು. ಯಾರಿಗೆ ಹೇಳಿದರೋ, ಕೇಳಿದ್ದು ಎಲ್ಲರೂ. ಗುರುಶಿದ್ದಪ್ಪನವರು ಅಷ್ಟು ಜನರ ಮುಂದೆ ಅತ್ತರು, ನಾಚಿಕೆಯಾಗಲಿಲ್ಲ.

ಹನುಮವ್ವ ಕೊಡವನ್ನು ಪಕ್ಕಕ್ಕಿಟ್ಟು ಅಂಚಿಗೆ ಬಂದರು. "ಖರೇನ ನೋಯೂದಿಲ್ಲೇನ ತಂಗಿ? ನನಗೂ ಎಮ್ಮಿ ಹಿಂಡಿ ಏಳಬೇಕಾದ್ರ ಜೀವ ಹೋಗತೈತಿ."

"ಇಳದು ನೋಡಬೇ ಯಕ್ಕಾ. ನೀರ ಎತ್ತಿ ಹಿಡೀತೈತಿ."

ಹನುಮವ್ವ ಸೀರೆ ಬಿಗಿದು ಇಳಿದರು. ಅವರ ಹಿಂದೆ ಇನ್ನಿಬ್ಬರು ಇಳಿದರು. ಇಷ್ಟು ದಿನ ಕಾಲು ನೋವೆಂದು ಯಾರ ಮುಂದೆಯೂ ಹೇಳದಿದ್ದವರು ಕಾಲನಿಯಲ್ಲಿ ಎಷ್ಟು ಜನರಿದ್ದರೆಂದು ಅವತ್ತು ತಿಳಿಯಿತು. ಶಶಿಕಾಂತರು ಹಾರ ಹಾಕಿಕೊಂಡೇ ಬಟ್ಟೆ ಬದಲಿಸಲು ಒಳಗೆ ಹೋದರು.

ಖಾದರಬಾಷಾ ಟೇಪು ಬಿಚ್ಚಿಕೊಂಡು ನಿಂತೇ ಇದ್ದರು. "ಸಾಹೇಬ್ರ, ಸ್ಲ್ಯಾಬ್?"

"ಹಾಕೂದಿಲ್ರಿ," ಎಂದರು ಗುರುಶಿದ್ದಪ್ಪ.

"ಮುಚ್ಚಳ ಇಲ್ಲಂದ್ರ ತೊಟ್ಟಿ ಅಲ್ಲ. ಈಜವರಿಲ್ಲ, ಈಜುಕೊಳಾನೂ ಅಲ್ಲ. ಫೈಲಿನ್ಯಾಗ ಏನ್ ಬರೀಲಿ?"

"ಏನರ ಬರೀರಿ. ಸ್ಲ್ಯಾಬ್ ಹಾಕೂದಿಲ್ಲ."

ಖಾದರಬಾಷಾ ನೀರಿನ ಕಡೆ ಒಮ್ಮೆ ನೋಡಿ, ಕೂಡಲೇ ಬೇರೆ ಕಡೆ ನೋಡಿ, ಟೇಪು ಸುತ್ತಿದರು. ಪೆನ್ನು ತೆಗೆದು ಬರೆದರು: "ಸ್ಥಳ ಪರಿಶೀಲನೆಯ ವೇಳೆ ಮನೆಯ ಯಜಮಾನಿಯವರು ತೊಟ್ಟಿಯಲ್ಲಿದ್ದುದರಿಂದ ಅಳತೆ ತೆಗೆದುಕೊಳ್ಳಲು ಸಾಧ್ಯವಾಗಿಲ್ಲ. ಅವರು ತೊಟ್ಟಿಯಲ್ಲಿಲ್ಲದ ದಿನ ಪುನಃ ಭೇಟಿ ನೀಡಿ ಮುಂದಿನ ಕ್ರಮ ಜರುಗಿಸಲಾಗುವುದು."

ಬರೆದದ್ದನ್ನು ಓದಿ ನೋಡಿದರು. ಕಾಲಮ್ಮಿಗೆ ಸರಿಯಾಗಿ ಕೂತಿತ್ತು. ಫೈಲು ಕಟ್ಟಿ, ನೀರಿನ ಕಡೆ ಮುಖ ಮಾಡದೆಯೇ ಮರ್ಯಾದೆಯಿಂದ ಕೇಳಿದರು:

"ಅಮ್ಮಾರ, ನೀವು ನೀರಾಗ ಇಲ್ಲದ ದಿನ ಯಾವ್ದು ಹೇಳ್ರಿ. ಅವತ್ತ ಬರತೇನಿ."

"ನಾ ದಿನಾ ಇರತೇನ್ರಿ," ಎಂದರು ಭುವನೇಶ್ವರಿ, ಆಚೆಯ ಗೋಡೆಯ ಕಡೆ ನಡೆಯುತ್ತ.